ಸಿಯಾಟಲ್–ವಿಕ್ಟೋರಿಯಾ ಟಪಾಲು ಸೀಪ್ಲೇನ್, 1920: ಯೋಜನೆ ಹಾಕುವುದಾದರೆ ಎಲ್ಲಿಂದ ಶುರು?

ನೀರಹಕ್ಕಿ

1920ರ ಅಕ್ಟೋಬರ್ 15ರಿಂದ ಅಮೆರಿಕದ ಸಿಯಾಟಲ್‌ಗೂ ಕೆನಡಾದ ವಿಕ್ಟೋರಿಯಾಕ್ಕೂ ನಡುವೆ ಟಪಾಲು ಹೊರುವ ಗುತ್ತಿಗೆ ಎಡ್ಡಿ ಹಬ್ಬರ್ಡ್ ಎಂಬ ಪೈಲಟ್‌ಗೆ ಸಿಕ್ಕಿತು. ಅಮೆರಿಕದ ಅಂಚೆ ಇಲಾಖೆ ಅದಕ್ಕೆ ಕೊಟ್ಟ ಹೆಸರು ವಿದೇಶಿ ವಿಮಾನ ಅಂಚೆ ಮಾರ್ಗ 2. ಮಾರ್ಗ 1 ಎಂದು ಕರೆಸಿಕೊಂಡ ನ್ಯೂಯಾರ್ಕ್–ಮಾಂಟ್ರಿಯಲ್ ಹಾರಾಟ ಶುರುವಾದದ್ದು 1928ರಲ್ಲಿ. ಅಂಕಿಯಲ್ಲಿ ಎರಡನೆಯದಾದರೂ ಓಟದಲ್ಲಿ ಇದು ಎಂಟು ವರ್ಷ ಮುಂದೆ. ಗುತ್ತಿಗೆದಾರರು ಬದಲಾದರೂ ಮಾರ್ಗ 1937ರವರೆಗೆ ನಡೆಯಿತು.

1920ರ ಬೇಸಿಗೆಯಲ್ಲಿ ಕೂತು ಇದರ ಯೋಜನೆ ಬರೆಯುವುದು ನಮ್ಮ ಕೆಲಸ ಎಂದುಕೊಳ್ಳೋಣ. ಕೈಯಲ್ಲಿರುವುದು ಬೋಯಿಂಗ್ ಬಿ-1, ಕಟ್ಟಿದ್ದೇ ಒಂದು. ಮರದ ಒಡಲಿನ, ಎರಡು ಅಂತಸ್ತಿನ ರೆಕ್ಕೆಯ ಹಾರುದೋಣಿ, ಅಂದರೆ ಒಡಲೇ ದೋಣಿಯಾಗಿ ನೀರಿನಿಂದ ಏರಿ ನೀರಿಗೇ ಇಳಿಯುವ ವಿಮಾನ. ಮೊದಲು ಹಾರಿದ್ದು 1919ರ ಡಿಸೆಂಬರ್ 27ಕ್ಕೆ. ರೆಕ್ಕೆಯ ಹರವು 50 ಅಡಿ 3 ಇಂಚು, ಉದ್ದ 31 ಅಡಿ 3 ಇಂಚು. ಖಾಲಿ ತೂಕ 2,400 ಪೌಂಡ್, ತುಂಬಿದಾಗ 3,850. ಇಂಜಿನ್ ಹಾಲ್-ಸ್ಕಾಟ್ ಎಲ್-6, 200 ಅಶ್ವಶಕ್ತಿ. ಸಾಗುವ ವೇಗ ಗಂಟೆಗೆ 80 ಮೈಲಿ, ಒಂದೇ ಹಾರಾಟದ ವ್ಯಾಪ್ತಿ 400 ಮೈಲಿ. ಪೈಲಟ್ ಮುಂದೆ, ಹಿಂದೆ ಇಬ್ಬರು ಕೂರುವಷ್ಟು ಜಾಗ.

ಮಾರ್ಗ, ವೇಳೆ, ತೂಕ, ಬಿಡಿಭಾಗ, ಅಪಾಯ, ಯಾವುದರಿಂದ ಬೇಕಾದರೂ ಹಿಡಿಯಿರಿ. ಅಂಕಿ ಇಲ್ಲದ ಉತ್ತರ ಮಾತ್ರ ಬೇಡ.

ಟಪಾಲುಚೀಲ

ಮೊದಲು ವಿಮಾನ ಪಕ್ಕಕ್ಕಿಡಿ ಸರ್, ಹಡಗು ನೋಡಿ. ಸಿಯಾಟಲ್ ಊರಿನಿಂದ ವಿಕ್ಟೋರಿಯಾ ಊರಿಗೆ ಬರೆದ ಕಾಗದ ಒಯ್ಯುವುದೇ ಉದ್ದೇಶವಾಗಿದ್ದರೆ ಈ ಮಾರ್ಗ ಒಂದು ತಿಂಗಳೂ ಬದುಕುತ್ತಿರಲಿಲ್ಲ. ರಾತ್ರಿಯ ಸ್ಟೀಮರ್ ಅದನ್ನು ಅಗ್ಗದಲ್ಲಿ ಮಾಡುತ್ತಿತ್ತು. ಇಲ್ಲಿನ ಸರಕು ಜಪಾನ್, ಚೀನಾ ಕಡೆಯ ಟಪಾಲು.

ಪೂರ್ವದೇಶಗಳಿಗೆ ಹೊರಡುವ ದೊಡ್ಡ ಹಡಗು ಸಿಯಾಟಲ್ ಬಿಟ್ಟ ಮೇಲೆ ಐದಾರು ಗಂಟೆ ಒಳಗಡಲಲ್ಲೇ ಸಾಗಿ ಕೊನೆಗೆ ವಿಕ್ಟೋರಿಯಾ ಮುಟ್ಟುತ್ತದೆ. ಅಲ್ಲಿಂದ ಮುಂದೆ ಬರೀ ಪೆಸಿಫಿಕ್. ಅಮೆರಿಕದ ಪೂರ್ವ ಕರಾವಳಿಯಿಂದ ಟಪಾಲು ತರುವ ರೈಲು ಸಿಯಾಟಲ್‌ಗೆ ಬರುವುದು ಹಡಗು ಹೊರಟ ಎರಡು ಗಂಟೆ ನಂತರ ಎಂದುಕೊಳ್ಳಿ. ಆ ಚೀಲಗಳು ಮುಂದಿನ ಹಡಗಿಗೆ, ಅಂದರೆ ಹಲವು ದಿನ, ಕಾಯಬೇಕು. ವಿಮಾನಕ್ಕೆ ಅದೇ ದಾರಿ ಒಂದು ಗಂಟೆ. ಹಡಗನ್ನು ವಿಕ್ಟೋರಿಯಾದಲ್ಲಿ ಹಿಡಿದರೆ ಕಾಗದಕ್ಕೆ ಉಳಿಯುವುದು ಗಂಟೆಗಳಲ್ಲ, ದಿನಗಳು.

ಬರುವ ಹಡಗಿನ ಕಥೆ ತಿರುಗುಮುರುಗು. ಅದು ವಿಕ್ಟೋರಿಯಾದ ಪಕ್ಕ ವಿಲಿಯಂ ಹೆಡ್ ಕ್ವಾರಂಟೈನ್ ಠಾಣೆಯಲ್ಲಿ ನಿಂತು ವೈದ್ಯರ ತಪಾಸಣೆ ಮುಗಿಸಿ, ವಿಕ್ಟೋರಿಯಾದಲ್ಲಿ ಸರಕಿಳಿಸಿ, ಆಮೇಲೆ ಸಿಯಾಟಲ್ ಕಡೆ ತಿರುಗುತ್ತದೆ. ಟಪಾಲನ್ನು ವಿಕ್ಟೋರಿಯಾದಲ್ಲೇ ಇಳಿಸಿ ಹಾರಿಸಿದರೆ ಸಿಯಾಟಲ್‌ನಿಂದ ಹೊರಡುವ ಅದೇ ದಿನದ ರೈಲು ಸಿಗುತ್ತದೆ.

ಆದ್ದರಿಂದ ನಿಮ್ಮ ವೇಳಾಪಟ್ಟಿಯಲ್ಲಿ 'ಸೋಮವಾರ, ಗುರುವಾರ, ಬೆಳಿಗ್ಗೆ 9' ಎಂದು ಬರೆಯಬೇಡಿ. ಹಡಗು ಕಂಪನಿಗಳ ತಿಂಗಳ ಪಟ್ಟಿ ಎದುರಿಗಿಟ್ಟು ಬರೆಯಿರಿ. ಸಂಬಳವೂ ತಿಂಗಳಿಗಿಷ್ಟು ಅಂತಲ್ಲ, ಹೋಗಿಬರುವ ಒಂದು ಸುತ್ತಿಗೆ ಇಷ್ಟು ಅಂತ.

ಹೊಸಬ

ಒಂದು ಸಣ್ಣ ಸಂಶಯ. ಜಗತ್ತಿನ ಮೊದಲ ವಿಮಾನ ಅಂಚೆ ನಮ್ಮ ಅಲಹಾಬಾದ್‌ನದು ಅಲ್ಲವೇ?

ಟಪಾಲುಚೀಲ

ಹೌದು, ಅಧಿಕೃತವಾಗಿ ಹಾರಿದ ಮೊದಲ ಅಂಚೆ ಅದೇ. 1911ರ ಫೆಬ್ರವರಿ 18, ಆನ್ರಿ ಪೆಕೆ, ಯಮುನೆಯ ಆಚೆ ನೈನಿಗೆ ಸುಮಾರು 6,500 ಕಾಗದ. ಆದರೆ ಅದು ನೆಲದ ಮೇಲೆ ಓಡಿ ಏರುವ ವಿಮಾನ, ವಸ್ತುಪ್ರದರ್ಶನದ ಅಂಗವಾಗಿ ನಡೆದ ಹಾರಾಟ. ವರ್ಷಗಟ್ಟಲೆ ಗುತ್ತಿಗೆ ನಡೆಸುವ ತಲೆನೋವು ಅದಕ್ಕಿರಲಿಲ್ಲ. ಇಲ್ಲಿ ಚರ್ಚೆ ಆ ತಲೆನೋವಿನದು.

ಉಬ್ಬರಇಳಿತ

ಮಾರ್ಗ ಹೇಳುತ್ತೇನೆ. ನಕ್ಷೆ ತೆರೆದಿಟ್ಟುಕೊಳ್ಳಿ.

ಸಿಯಾಟಲ್‌ನ ಯೂನಿಯನ್ ಸರೋವರದಿಂದ ವಿಕ್ಟೋರಿಯಾಕ್ಕೆ ಗೆರೆ ಎಳೆದರೆ ಸುಮಾರು 116 ಕಿಮೀ. ಆ ಗೆರೆಯ ಮೇಲೆ ಯಾರೂ ಹಾರಬಾರದು, ಅದು ಕಾಡು ಬೆಳೆದ ಪರ್ಯಾಯದ್ವೀಪಗಳನ್ನು ಕತ್ತರಿಸಿ ಹೋಗುತ್ತದೆ. ಹಾರುದೋಣಿಗೆ ಕೆಳಗೆ ಸದಾ ನೀರಿರಬೇಕು. ವೆಸ್ಟ್ ಪಾಯಿಂಟ್ ಲೈಟ್‌ಹೌಸ್, ಪಾಯಿಂಟ್ ನೋ ಪಾಯಿಂಟ್, ಫೌಲ್‌ವೆದರ್ ಬ್ಲಫ್, ಮಾರೋಸ್ಟೋನ್, ಪೋರ್ಟ್ ಟೌನ್ಸೆಂಡ್ ಪಕ್ಕದ ಪಾಯಿಂಟ್ ವಿಲ್ಸನ್. ಇಷ್ಟು ದೂರ ಪ್ಯೂಜೆಟ್ ಸೌಂಡ್ ಮತ್ತು ಅಡ್ಮಿರಾಲ್ಟಿ ಇನ್ಲೆಟ್, ಎರಡೂ ಬದಿಗೆ ದಡ. ಸುಮಾರು 64 ಕಿಮೀ.

ಅಸಲಿ ಪ್ರಶ್ನೆ ಇರುವುದು ಪಾಯಿಂಟ್ ವಿಲ್ಸನ್ ನಂತರ. ಹುವಾನ್ ದ ಫೂಕಾ ಜಲಸಂಧಿಯನ್ನು ಓರೆಯಾಗಿ ದಾಟಿ ವಿಕ್ಟೋರಿಯಾಕ್ಕೆ ನೇರ ಹೋದರೆ 55 ಕಿಮೀ ತೆರೆದ ನೀರು. ಬದಲಿಗೆ ಪಶ್ಚಿಮಕ್ಕೆ ದಡ ಹಿಡಿದು ನ್ಯೂ ಡಂಜನೆಸ್ ಲೈಟ್‌ಹೌಸ್‌ವರೆಗೆ ಸುಮಾರು 27 ಕಿಮೀ ಹೋಗಿ, ಅಲ್ಲಿಂದ ಉತ್ತರಕ್ಕೆ ತಿರುಗಿದರೆ ತೆರೆದ ನೀರು 33 ಕಿಮೀ ಮಾತ್ರ. ಒಟ್ಟು ದೂರ ಹೆಚ್ಚುವುದು 5 ಕಿಮೀ, ಎರಡು ಎರಡೂವರೆ ನಿಮಿಷ. ಅಷ್ಟಕ್ಕೆ 22 ಕಿಮೀ ತೆರೆದ ಕಡಲು ತಪ್ಪುತ್ತದೆ. ಡಂಜನೆಸ್‌ನ ಉದ್ದನೆಯ ಮರಳು ನಾಲಿಗೆಯ ಒಳಗೆ ಅಲೆಯಿಲ್ಲದ ಕೊಲ್ಲಿಯೂ ಇದೆ. ದಾಟಲು ಮನಸ್ಸು ಒಪ್ಪದಿದ್ದರೆ ಇಳಿದು ಕಾಯಬಹುದು.

ಗಾಳಿ: ಬೇಸಿಗೆಯ ಮಧ್ಯಾಹ್ನದ ಮೇಲೆ ಜಲಸಂಧಿಯುದ್ದಕ್ಕೂ ಪಡುವಣ ಗಾಳಿ ಜೋರಾಗುತ್ತದೆ. ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಸಂಜೆಗೆ ಬಿಳಿನೊರೆ. ಚಳಿಗಾಲದಲ್ಲಿ ಆಗ್ನೇಯದಿಂದ ಬಿರುಗಾಳಿ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಬೆಳಗಿನ ಮಂಜು. ಗುತ್ತಿಗೆ ಶುರುವಾಗುವುದೇ ಅಕ್ಟೋಬರ್ 15ಕ್ಕೆ! ಅದಕ್ಕಿಂತ ಕೆಟ್ಟ ತಾರೀಕು ಹುಡುಕಿದರೂ ಸಿಗಲಿಕ್ಕಿಲ್ಲ.

ನೀರಹಕ್ಕಿ

ಡಂಜನೆಸ್ ಸುತ್ತು ನಾನು ಯೋಚಿಸಿರಲಿಲ್ಲ, ಅದನ್ನೇ ಇಟ್ಟುಕೊಳ್ಳೋಣ. ಹಾಗಾದರೆ ಒಂದು ಕಡೆಗೆ ಸುಮಾರು 124 ಕಿಮೀ. ಲೆಕ್ಕಕ್ಕೆ 120–125 ಹಿಡಿಯಿರಿ.

ತೂಕ: 3,850ರಲ್ಲಿ 2,400 ಕಳೆದರೆ 1,450 ಪೌಂಡ್, ಅಂದರೆ 657 ಕೆಜಿ. ಚರ್ಮದ ಕೋಟು, ಬೂಟು ಸಮೇತ ಪೈಲಟ್ 85. ಪೆಟ್ರೋಲ್ 200 ಲೀಟರ್, 145 ಕೆಜಿ. ಎಣ್ಣೆ 18. ಲಂಗರು, ಹಗ್ಗ, ಉಪಕರಣ 35. ಉಳಿದದ್ದು 374 ಕೆಜಿ ಟಪಾಲಿಗೆ. ಧಾರಾಳ ಅಲ್ಲವೇ?

ಮರದದೋಣಿ

ಧಾರಾಳ ಅಲ್ಲ ರಾಯರೇ. ಒಡಲು ಕುಡಿಯುವ ನೀರನ್ನು ಬಿಟ್ಟಿರಿ.

ಬಿ-1ರ ಒಡಲು ತೆಳು ಮರದ ಪದರಗಳನ್ನು ಅಂಟಿಸಿ ಮಾಡಿದ್ದು. ಹಗಲಿರುಳು ನೀರಿನಲ್ಲೇ ಕಟ್ಟಿಹಾಕಿದರೆ ವಾರಗಳಲ್ಲಿ ಹತ್ತಾರು ಕೆಜಿ ನೀರು ಮರದೊಳಗೇ ಸೇರುತ್ತದೆ. ಅದು ತಳದಲ್ಲಿ ನಿಂತ ನೀರಲ್ಲ, ಪಂಪು ಹೊಡೆದರೆ ಬರುವುದಿಲ್ಲ. ಒಣ ಒಡಲಿನ ತೂಕವನ್ನು ನಂಬಿ ಸರಕು ತುಂಬಿದ ದಿನ ವಿಮಾನ ಹುಟ್ಟು ಹಾಕದ ದೋಣಿಯಂತೆ ನೀರಲ್ಲೇ ಓಡುತ್ತದೆ, ಮೇಲೇಳುವುದಿಲ್ಲ. 40 ಕೆಜಿ ಇದಕ್ಕೆ ತೆಗೆದಿಡಿ. ಆಗ 334 ಕೆಜಿ ಉಳಿಯುತ್ತದೆ. ಟಪಾಲಿಗೆ 270 ಎಂದು ಮೇಲ್ಮಿತಿ ಹಾಕಿ. ಉಳಿದ 64 ಕೆಜಿ ಮೆಕ್ಯಾನಿಕ್‌ಗೆ. ಅವನು ಬೇಡವಾದ ದಿನ ಅದೇ ನಿಮ್ಮ ಸುರಕ್ಷತೆಯ ಅಂಚು.

ಇನ್ನು ಮನೆ ಎಲ್ಲಿ ಮಾಡಬೇಕು ಎನ್ನುವುದು. ಯೂನಿಯನ್ ಸರೋವರದ ದೊಡ್ಡ ಲಾಭ ಸಿಹಿನೀರು. 1917ರಲ್ಲಿ ಕಾಲುವೆ, ಲಾಕ್ ಗೇಟುಗಳು ತೆರೆದು ಸರೋವರ ಸಮುದ್ರಕ್ಕೆ ಕೂಡಿಕೊಂಡಿದೆ, ಆದರೂ ನೀರು ಹೆಚ್ಚುಕಡಿಮೆ ಸಿಹಿಯೇ. ಬೋಯಿಂಗ್‌ನ ಹ್ಯಾಂಗರ್ ಅದೇ ದಡದಲ್ಲಿ, ರೋನೋಕ್ ಬೀದಿಯ ತುದಿಯಲ್ಲಿ. ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳು ಸಿಹಿನೀರಿನಲ್ಲಿ ಬದುಕುವುದಿಲ್ಲ. ಈ ಹುಳುವಿನ ಕಾಟ ಮಂಗಳೂರು, ಮಲ್ಪೆ, ಕಾರವಾರದ ಮರದ ದೋಣಿಗಳವರಿಗೆ ಹೊಸದಲ್ಲ. ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ಸುಮ್ಮನೆ ಅಲ್ಲ. ದೋಣಿಯ ದಪ್ಪ ಹಲಗೆ ಕೊರೆತವನ್ನು ಸ್ವಲ್ಪ ಕಾಲ ತಾಳಿಕೊಳ್ಳುತ್ತದೆ. ಕೆಲವೇ ಮಿಲಿಮೀಟರ್ ದಪ್ಪದ ವಿಮಾನದ ಪದರಕ್ಕೆ ಒಂದು ತೂತು ಸಾಕು.

ದಿನಚರಿ ಹೀಗಿರಲಿ. ಹಾರಾಟ ಮುಗಿದ ಕೂಡಲೇ ಇಳಿಜಾರು ಹಲಗೆಯ ಮೇಲೆ ಗಾಲಿ ತೊಟ್ಟಿಲಿನಲ್ಲಿ ಮೇಲೆಳೆಯಬೇಕು. ತಳದ ಬಿರಡೆ ಬಿಚ್ಚಿ ನೀರು ಸುರಿಯಬೇಕು. ಒಡಲು, ತಂತಿ, ಪ್ರೊಪೆಲ್ಲರ್ ಎಲ್ಲಕ್ಕೂ ಸಿಹಿನೀರು ಹೊಯ್ದು ಒರೆಸಬೇಕು. ರೆಕ್ಕೆಗಳ ನಡುವಿನ ಉಕ್ಕಿನ ತಂತಿಗೆ ಗ್ರೀಸು ಸವರಬೇಕು. ವಾರಕ್ಕೊಮ್ಮೆ ಅಂಟಿನ ಬೆಸುಗೆಗಳನ್ನು ಉಗುರಿನಿಂದ ತಟ್ಟಿ ನೋಡಬೇಕು, ಟೊಳ್ಳು ಸದ್ದು ಬಂದರೆ ಅಂಟು ಬಿಟ್ಟಿದೆ. ಆ ಕಾಲದ ಅಂಟು ಹಾಲಿನ ಕೇಸೀನ್‌ನದು, ತೇವ ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ರೆಕ್ಕೆಯ ಬಟ್ಟೆ ತೇವಕ್ಕೆ ಸಡಿಲವಾಗುತ್ತದೆ, ಬೆರಳಿನಿಂದ ಒತ್ತಿದರೆ ತಮಟೆಯಂತೆ ಹಿಂದೆ ಚಿಮ್ಮಬೇಕು. ಚಿಮ್ಮದಿದ್ದರೆ ಮತ್ತೆ ಡೋಪ್ (ಬಟ್ಟೆ ಬಿಗಿಯುವ ವಾರ್ನಿಶ್) ಬಳಿಯಿರಿ.

ಬಿಚ್ಚಿದ ಬಿರಡೆಯನ್ನು ಪೈಲಟ್ ಸೀಟಿನ ಮೇಲೆ ಇಡಿ, ಮೆಕ್ಯಾನಿಕ್ ಜೇಬಿನಲ್ಲಿ ಬೇಡ. ಬಿರಡೆ ಹಾಕದೆ ನೀರಿಗಿಳಿಸುವುದು ಹಾರುದೋಣಿಗಳಲ್ಲಿ ಅತಿ ಹಳೆಯ ತಪ್ಪು. ಸೀಟಿನ ಮೇಲೆ ಇದ್ದರೆ ಅದನ್ನು ಎತ್ತದೆ ಕೂರಲು ಆಗುವುದಿಲ್ಲ.

ಹಳೇಪಿಸ್ಟನ್

ಇಂಜಿನ್ ವಿಷಯ ನನ್ನ ಪಾಲಿಗೆ ಬಿಡಿ.

ಹಾಲ್-ಸ್ಕಾಟ್ ಎಲ್-6: ಸಾಲಾಗಿ ಆರು ಸಿಲಿಂಡರ್, ನೀರಿನಿಂದ ತಂಪಾಗುವುದು. ಬಿ-1ರಲ್ಲಿ ಇದು ಎರಡು ರೆಕ್ಕೆಗಳ ನಡುವೆ ಎತ್ತರದಲ್ಲಿ ಕೂತು ಪ್ರೊಪೆಲ್ಲರನ್ನು ಹಿಂದಕ್ಕೆ ಮಾಡಿಕೊಂಡು ತಳ್ಳುತ್ತದೆ. ಇದರಿಂದ ಮೂರು ಪರಿಣಾಮ, ಮೂರೂ ಯೋಜನೆಯಲ್ಲಿ ಬರಬೇಕು.

ಒತ್ತುವ ಬಲ ಎತ್ತರದಲ್ಲಿ ಇರುವುದರಿಂದ ಇಂಜಿನ್ ಜೋರು ಮಾಡಿದರೆ ಮೂಗು ಕೆಳಕ್ಕೆ, ನಿಂತರೆ ಮೂಗು ಮೇಲಕ್ಕೆ. ಇಂಜಿನ್ ನಿಂತ ಗಳಿಗೆಯಲ್ಲಿ ಪೈಲಟ್ ಕೋಲನ್ನು ಮುಂದಕ್ಕೆ ತಳ್ಳದಿದ್ದರೆ ವೇಗ ಸತ್ತು ವಿಮಾನ ಕುಸಿಯುತ್ತದೆ. ಎರಡನೆಯದು, ಹಿಂದಿನ ಕಾಕ್‌ಪಿಟ್‌ನಿಂದ ಹಾರಿದ ಯಾವ ವಸ್ತುವೂ ನೇರ ಪ್ರೊಪೆಲ್ಲರ್‌ಗೆ. ಟೋಪಿ, ಕೈಗವಸು, ಚೀಲದ ಹಗ್ಗದ ತುದಿ, ಯಾವುದಾದರೂ ಮರದ ಪ್ರೊಪೆಲ್ಲರನ್ನು ಸೀಳಬಹುದು. ಟಪಾಲು ಚೀಲಗಳ ಮೇಲೆ ಕ್ಯಾನ್ವಾಸ್ ಮುಚ್ಚಿ ಪಟ್ಟಿ ಬಿಗಿಯಲೇಬೇಕು. ಮೂರನೆಯದು ನೀರಿನ ಸಿಡಿತ. ಗುಂಡುಕಲ್ಲಿನ ಹಾಗೆ ಬಡಿದು ಪ್ರೊಪೆಲ್ಲರ್ ಅಂಚನ್ನು ತಿನ್ನುತ್ತದೆ. ಅಂಚಿಗೆ ಲೋಹದ ತಗಡು ಹೊದಿಸಿ, ಆದರೂ ಒಂದು ಹೆಚ್ಚುವರಿ ಪ್ರೊಪೆಲ್ಲರ್ ಗೋಡೆಯ ಮೇಲೆ ತೂಗುತ್ತಿರಲಿ.

ಪೆಟ್ರೋಲ್ ಬಗ್ಗೆ: ಸಾಗುವ ವೇಗದಲ್ಲಿ ಗಂಟೆಗೆ 50 ಲೀಟರ್ ಹಿಡಿಯಿರಿ. ಗಾಳಿಯಿಲ್ಲದ ದಿನ ಹೋಗಿಬರಲು ಹತ್ತಿರ ಹತ್ತಿರ ಎರಡು ಗಂಟೆ. 40 ಕಿಮೀ ವೇಗದ ಎದುರುಗಾಳಿ ಇದ್ದರೆ ಗಂಟೆಗೆ 128 ಕಿಮೀ (80 ಮೈಲಿ) ವೇಗದಲ್ಲಿ 88 ಉಳಿಯುತ್ತದೆ, ಒಂದು ಕಡೆಗೇ 85 ನಿಮಿಷ. ವಾಪಸು ಅದೇ ಗಾಳಿ ಬೆನ್ನಿಗೆ ಬಂದರೆ 44. ಎರಡೂ ಕೂಡಿಸಿ 129 ನಿಮಿಷ, ಶಾಂತ ದಿನದ 116ಕ್ಕಿಂತ ಜಾಸ್ತಿ. ಹೋಗುವಾಗ ಕಳೆದದ್ದನ್ನು ಬರುವಾಗ ಗಳಿಸುತ್ತೇವೆ ಎನ್ನುವುದು ಸುಳ್ಳು ಲೆಕ್ಕ. ಸಂಜೆಗೆ ಗಾಳಿ ದಿಕ್ಕು ಬದಲಿಸಿದರೆ ಎರಡು ಕಡೆಯೂ ಎದುರೇ. ಆದ್ದರಿಂದ ನೀರಹಕ್ಕಿಯವರು ಹಾಕಿದ 200 ಲೀಟರ್, ಅಂದರೆ 4 ಗಂಟೆ, ಸರಿ. ತೂಕ ಉಳಿಸಲು ಅದನ್ನು ಮುಟ್ಟಬೇಡಿ.

1919ರ ಉದಾಹರಣೆ ಕಣ್ಣೆದುರಿಗೇ ಇದೆ. ಮಾರ್ಚ್ 3ರಂದು ಇದೇ ಹಬ್ಬರ್ಡ್ ಮತ್ತು ಬೋಯಿಂಗ್ ಕಂಪನಿಯ ಸ್ಥಾಪಕ ವಿಲಿಯಂ ಬೋಯಿಂಗ್ ಕೆನಡಾದ ವ್ಯಾಂಕೂವರ್‌ನಿಂದ ಸಿಯಾಟಲ್‌ಗೆ ಸಿ-700 ವಿಮಾನದಲ್ಲಿ 60 ಕಾಗದ ತಂದರು. ಅದರ ಇಂಜಿನ್ 100 ಅಶ್ವಶಕ್ತಿ, ವೇಗ ಗಂಟೆಗೆ 105 ಕಿಮೀ, ವ್ಯಾಪ್ತಿ 320 ಕಿಮೀ. ದೂರ ಸುಮಾರು 200. ಕಾಗದದ ಮೇಲೆ ನೋಡಿದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪೆಟ್ರೋಲ್ ಉಳಿಯಬೇಕು. 40 ಕಿಮೀ ಎದುರುಗಾಳಿ ಹಾಕಿ ನೋಡಿ: ಮೂರು ಗಂಟೆಯ ಪೆಟ್ರೋಲ್‌ನಲ್ಲಿ 195 ಕಿಮೀ. ಅವರು ಪೆಟ್ರೋಲ್ ತುಂಬಲು ಎಡ್ಮಂಡ್ಸ್‌ನಲ್ಲಿ ಇಳಿದದ್ದು ಇದೇ ಕಾರಣಕ್ಕೆ ಇರಬೇಕು, ಮನೆಗೆ 20 ಕಿಮೀ ಇರುವಾಗ. ಹೋಗುವಾಗಲೂ ಹಿಮಗಾಳಿಗೆ ಸಿಕ್ಕಿ ಅನಾಕೋರ್ಟಿಸ್‌ನಲ್ಲಿ ಇಳಿದು ಮರುದಿನ ವ್ಯಾಂಕೂವರ್ ಮುಟ್ಟಿದ್ದರು.

ಕೆಡುವುದು ಎಲ್ಲಿ? ಹೆಚ್ಚಿನ ಸಲ ಪೆಟ್ರೋಲ್‌ನಲ್ಲಿ ಸೇರಿದ ನೀರು. ದಡದಲ್ಲಿಟ್ಟ ಪೀಪಾಯಿ ರಾತ್ರಿ ತಣ್ಣಗಾದಾಗ ಒಳಗೆ ಹನಿ ಕಟ್ಟುತ್ತದೆ. ಪೀಪಾಯಿಯನ್ನು ಅರ್ಧ ಖಾಲಿ ಬಿಡಬೇಡಿ, ಸುರಿಯುವಾಗ ಮೃದುವಾದ ಶಮೋಯ್ ಚರ್ಮದಲ್ಲಿ ಸೋಸಿ. ಚರ್ಮ ಪೆಟ್ರೋಲನ್ನು ಬಿಡುತ್ತದೆ, ನೀರನ್ನು ತಡೆಯುತ್ತದೆ. ಆಮೇಲೆ ಉಪ್ಪು ತೇವ ಹೊಕ್ಕ ಇಗ್ನಿಷನ್ ತಂತಿಗಳು, ಸೋರುವ ರೇಡಿಯೇಟರ್. ಚಳಿಗಾಲದಲ್ಲಿ ರೇಡಿಯೇಟರ್ ನೀರಿಗೆ ಆಲ್ಕೋಹಾಲ್ ಬೆರೆಸಬೇಕು ಅಥವಾ ರಾತ್ರಿ ಪೂರ್ತಿ ಖಾಲಿ ಮಾಡಬೇಕು. 5 ರಿಂದ 15 ಡಿಗ್ರಿಯ ಒದ್ದೆ ಹವೆಯಲ್ಲಿ ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ) ಒಳಗೇ ಮಂಜುಗಡ್ಡೆ ಕಟ್ಟಿ ಇಂಜಿನ್ ಉಸಿರು ಹಿಡಿಯುವುದೂ ಉಂಟು. ಸಿಯಾಟಲ್‌ನ ಚಳಿಗಾಲ ಪೂರ್ತಿ ಅದೇ ಹವೆ.

ಲೆಕ್ಕಿಗ

ಹಳೇಪಿಸ್ಟನ್ ಸರ್, ಬಿಡಿ ಇಂಜಿನ್ ಎಷ್ಟು ಬೇಕು ಅದನ್ನು ಹೇಳಲಿಲ್ಲ. ಹಣ ಹೋಗುವುದು ಅಲ್ಲೇ.

ಹಳೇಪಿಸ್ಟನ್

ತಿಂಗಳಿಗೆ 10–12 ಸುತ್ತು, ಸುತ್ತಿಗೆ ಎರಡೂವರೆ ಗಂಟೆ (ನೀರಿನ ಮೇಲಿನ ಓಟವೂ ಸೇರಿ) ಅಂದರೆ ತಿಂಗಳಿಗೆ 25–30 ಗಂಟೆ. 100 ಗಂಟೆಗೊಮ್ಮೆ ಇಂಜಿನ್ ಕೆಳಗಿಳಿಸಿ ವಾಲ್ವ್ ಉಜ್ಜಿ, ಬೇರಿಂಗ್ ನೋಡಿ ಎಂದರೆ ಮೂರು ನಾಲ್ಕು ತಿಂಗಳಿಗೊಮ್ಮೆ. ಆ ಹೊತ್ತಿನಲ್ಲಿ ಹಡಗು ಕಾಯುವುದಿಲ್ಲ. ಪೂರ್ತಿ ಜೋಡಿಸಿದ ಒಂದು ಇಂಜಿನ್ ಸ್ಟ್ಯಾಂಡಿನ ಮೇಲೆ ಸಿದ್ಧ ಇರಬೇಕು. ಇಂಜಿನ್ ಎತ್ತರದಲ್ಲಿ ಇರುವುದರಿಂದ ಮುಕ್ಕಾಲಿ, ಚೈನ್ ಪುಲ್ಲಿ ಹ್ಯಾಂಗರಿನಲ್ಲೇ ಇರಲಿ. ಜೊತೆಗೆ ಸ್ಪಾರ್ಕ್ ಪ್ಲಗ್ ಎರಡು ಸೆಟ್, ವಾಲ್ವ್ ಮತ್ತು ಸ್ಪ್ರಿಂಗ್ ಒಂದು ಸೆಟ್, ನೀರಿನ ಪಂಪ್ ಒಂದು, ರಬ್ಬರ್ ಹೋಸ್ ಮೀಟರ್‌ಗಟ್ಟಲೆ.

ಈ ಬಿ-1 ಎಂಟು ವರ್ಷದಲ್ಲಿ ಆರು ಇಂಜಿನ್ ಸವೆಸಿತು, ಸುಮಾರು 3,50,000 ಮೈಲಿ ಹಾರಿತು. 80 ಮೈಲಿ ವೇಗಕ್ಕೆ ಭಾಗಿಸಿದರೆ 4,400 ಗಂಟೆ ಹತ್ತಿರ, ಇಂಜಿನ್ ಒಂದಕ್ಕೆ 730 ಗಂಟೆ. ಆ ಕಾಲಕ್ಕೆ ಇದು ಬಹಳ ಒಳ್ಳೆಯ ಬಾಳಿಕೆ. ಒಡಲು ಮಾತ್ರ ಒಂದೇ, ಅದು ಇವತ್ತಿಗೂ ಸಿಯಾಟಲ್‌ನ ಇತಿಹಾಸ ಮತ್ತು ಕೈಗಾರಿಕಾ ಮ್ಯೂಸಿಯಂನಲ್ಲಿ ತೂಗುತ್ತಿದೆ.

ಲೆಕ್ಕಿಗ

ಸರಿ, ಹಾಗಾದರೆ ಖರ್ಚಿನ ಸ್ವರೂಪ ತಿಳಿಯಿತು. ಪೆಟ್ರೋಲ್ ಸುತ್ತಿಗೆ ತಕ್ಕಂತೆ ಏರಿಳಿಯುತ್ತದೆ. ಹ್ಯಾಂಗರ್ ಬಾಡಿಗೆ, ಮೆಕ್ಯಾನಿಕ್ ಸಂಬಳ, ಬಿಡಿ ಇಂಜಿನ್ ಮೇಲೆ ಹೂಡಿದ ದುಡ್ಡು ಮಾತ್ರ ಹಾರಿದರೂ ಹಾರದಿದ್ದರೂ ಓಡುತ್ತಿರುತ್ತದೆ. ವರಮಾನ ಸುತ್ತಿಗೆ ಇಷ್ಟು ಎಂದಿರುವಾಗ ಮಂಜಿನಿಂದ ತಪ್ಪಿದ ಪ್ರತಿ ಹಾರಾಟ ಪೂರ್ತಿ ನಷ್ಟ. ಇದರ ಅಪಾಯ ಲೆಕ್ಕದ ಪುಸ್ತಕಕ್ಕಷ್ಟೇ ನಿಲ್ಲುವುದಿಲ್ಲ, ಹಾರಬಾರದ ದಿನ ಹಾರಲು ಅದು ಪೈಲಟ್‌ನನ್ನು ನೂಕುತ್ತದೆ. ಇಲ್ಲಿ ಪೈಲಟ್, ಗುತ್ತಿಗೆದಾರ ಒಬ್ಬನೇ, ತಡೆಯಲು ಬೇರೆ ಯಾರೂ ಇಲ್ಲ. ತಿಂಗಳಿಗೆ 12 ಸುತ್ತಿನ ಆಸೆ ಇದ್ದರೂ 8ಕ್ಕೆ ಗಿಟ್ಟುವ ಹಾಗೆ ದರ ಕೇಳಿ. ಹೆಚ್ಚು ಬಂದರೆ ಅದು ಬಿಡಿ ಇಂಜಿನ್ ನಿಧಿಗೆ.

ಇನ್ನೊಂದು: 1919–20ರಲ್ಲಿ ಯುದ್ಧದ ಹಳೆ ವಿಮಾನಗಳು ಮಾರುಕಟ್ಟೆಯಲ್ಲಿ ಕವಡೆ ಬೆಲೆಗೆ ಸಿಗುತ್ತಿದ್ದವು. ಬಿ-1 ಒಂದೇ ಮಾರಾಟವಾದದ್ದು ಅದಕ್ಕೇ. ಬೋಯಿಂಗ್ ಕಂಪನಿ ಆಗ ಹೊಟ್ಟೆಪಾಡಿಗೆ ಮಲಗುವ ಕೋಣೆಯ ಪೀಠೋಪಕರಣ ಮಾಡುತ್ತಿತ್ತು. ಹಳೆ ನೌಕಾಪಡೆ ವಿಮಾನ ಕೊಂಡರೆ ಸಾಕಲ್ಲ ಎಂದು ಯಾರಾದರೂ ಕೇಳುತ್ತಾರೆ, ಅದಕ್ಕೆ ಉತ್ತರ ಸಿದ್ಧವಿರಲಿ.

ಹೊಸಬ

ಕೇಳಿಯೇಬಿಡುತ್ತೇನೆ. ಎರಡು ಇಂಜಿನ್‌ನ ದೊಡ್ಡ ನೌಕಾಪಡೆ ದೋಣಿ ತಂದರೆ ಇನ್ನೂ ಕ್ಷೇಮ ಅಲ್ಲವೇ?

ಹಳೇಪಿಸ್ಟನ್

1920ರ ನವೆಂಬರ್ 1ರಿಂದ ಫ್ಲಾರಿಡಾದ ಕೀ ವೆಸ್ಟ್‌ನಿಂದ ಹವಾನಾಕ್ಕೆ ಏರೋಮರೀನ್ ಕಂಪನಿ ಹಾಗೆಯೇ ಮಾಡಿತು. ನೌಕಾಪಡೆಯ ಎಫ್-5ಎಲ್ ದೋಣಿಗಳು, 400 ಅಶ್ವಶಕ್ತಿಯ ಎರಡು ಲಿಬರ್ಟಿ ಇಂಜಿನ್, ಟಪಾಲಿನ ಜೊತೆ ಪ್ರಯಾಣಿಕರು. ಅಂಥ ದೋಣಿ ತುಂಬಿದ ತೂಕದಲ್ಲಿ ಒಂದೇ ಇಂಜಿನ್ ಮೇಲೆ ಎತ್ತರ ಉಳಿಸಿಕೊಳ್ಳಲಾರದು. ಹಾಗಿದ್ದಾಗ ಎರಡು ಇಂಜಿನ್ ಎಂದರೆ ಕೆಡುವ ಸಾಧ್ಯತೆ ಎರಡು ಪಟ್ಟು, ಪೆಟ್ರೋಲ್ ನಾಲ್ಕು ಪಟ್ಟು. 1923ರ ಜನವರಿಯಲ್ಲಿ ಅವರ 'ಕೊಲಂಬಿಯಾ' ಇಂಜಿನ್ ಕೆಟ್ಟು ಹವಾನಾ ಹೊರಗಿನ ಒರಟು ಕಡಲಿನಲ್ಲಿ ಇಳಿದು ಒಡೆಯಿತು, ಪ್ರಯಾಣಿಕರು ಸತ್ತರು. ಮರುವರ್ಷ ಕಂಪನಿ ಮುಚ್ಚಿತು.

ಉಬ್ಬರಇಳಿತ

ಇದಕ್ಕೆ ಸೇರಿಸುವುದು ಒಂದಿದೆ. 600 ಮೀಟರ್ ಎತ್ತರದಲ್ಲಿ ಇಂಜಿನ್ ನಿಂತರೆ ಈ ಎರಡಂತಸ್ತಿನ ರೆಕ್ಕೆ ನಾಲ್ಕು ಕಿಮೀ ತೇಲಿಬಂದರೆ ಹೆಚ್ಚು. ಜಲಸಂಧಿಯ ನಡುವಿನಿಂದ ದಡ ಮುಟ್ಟುವ ಮಾತೇ ಇಲ್ಲ. ನೀರಿನ ಮೇಲೆ ಇಳಿಯುವುದು ಸುಲಭ, ಅಲ್ಲಿ ಉಳಿಯುವುದು ಕಷ್ಟ. ಅರ್ಧ ಮೀಟರಿಗಿಂತ ದೊಡ್ಡ ಅಲೆ ಇದ್ದರೆ ರೆಕ್ಕೆ ತುದಿಯ ತೇಲುಬುರುಡೆ ಮೊದಲು ಮುರಿಯುತ್ತದೆ, ಆಮೇಲೆ ವಿಮಾನ ಮಗುಚುತ್ತದೆ. ಆದ್ದರಿಂದ ದಾಟುವ ನಿರ್ಧಾರ ಆಕಾಶ ನೋಡಿ ಅಲ್ಲ, ನೀರು ನೋಡಿ. ಡಂಜನೆಸ್ ಮೇಲೆ ಬಂದಾಗ ಬಿಳಿನೊರೆ ಎಲ್ಲೆಡೆ ಕಂಡರೆ ಹಿಂದಿರುಗಿ.

ಒಯ್ಯಬೇಕಾದದ್ದು: ಮಡಚುವ ಲಂಗರು, 30 ಮೀಟರ್ ಹಗ್ಗ, ಕ್ಯಾನ್ವಾಸಿನ ತೇಲುಲಂಗರು, ಕೈಪಂಪು, ಹುಟ್ಟು ಒಂದು, ಬಣ್ಣದ ಬಾಣ ಹಾರಿಸುವ ಪಿಸ್ತೂಲು, ಆರು ಗುಂಡು, ಕುಡಿಯುವ ನೀರು 4 ಲೀಟರ್. ವೈರ್‌ಲೆಸ್ ತೂಕಕ್ಕೆ ಹೊಂದುವುದಿಲ್ಲ. ಯುದ್ಧಕಾಲದ ನೌಕಾವಿಮಾನಗಳಂತೆ ಎರಡು ಪಾರಿವಾಳ ಇಡಬಹುದು, ನಗಬೇಡಿ, ಅವು ಕೆಲಸ ಮಾಡುತ್ತಿದ್ದವು. ತೇಲುಲಂಗರು ಎಲ್ಲಕ್ಕಿಂತ ಮುಖ್ಯ. ನೀರಿನಲ್ಲಿ ಎಳೆದುಕೊಂಡು ಬರುವ ಆ ಕ್ಯಾನ್ವಾಸ್ ಚೀಲ ಮೂಗನ್ನು ಗಾಳಿಗೆದುರಾಗಿ ಹಿಡಿಯುತ್ತದೆ. ಆದರೆ ನೀರಿನ ಸೆಳೆತವನ್ನು ಅದು ತಡೆಯುವುದಿಲ್ಲ, ಅಡ್ಮಿರಾಲ್ಟಿ ಇನ್ಲೆಟ್‌ನ ಇಳಿತದ ಸೆಳೆತಕ್ಕೆ ಸಿಕ್ಕರೆ ಒಂದು ಗಂಟೆಯಲ್ಲಿ ಹುಡುಕುವವರ ಲೆಕ್ಕ ಏಳೆಂಟು ಕಿಮೀ ತಪ್ಪುತ್ತದೆ.

ಟಪಾಲುಚೀಲ

ಕೈಬದಲಿನ ಕ್ರಮವನ್ನು ಬರೆಯದಿದ್ದರೆ ಇಷ್ಟೆಲ್ಲಾ ಹಾರಿ ಪ್ರಯೋಜನವಿಲ್ಲ. ಹಡಗು ತಪ್ಪುವುದು ಗಾಳಿಯಲ್ಲಿ ಅಲ್ಲ, ಧಕ್ಕೆಯ ಮೇಲೆ.

ಚೀಲ ಒಂದಕ್ಕೆ 25 ಕೆಜಿ ಮೀರಬಾರದು, ಅಲುಗಾಡುವ ಲಾಂಚಿನಲ್ಲಿ ನಿಂತು ಒಬ್ಬ ಎತ್ತಬೇಕು. ಕ್ಯಾನ್ವಾಸ್ ಚೀಲದ ಮೇಲೆ ಮೇಣಬಟ್ಟೆಯ ಹೊದಿಕೆ. ಬಾಯಿಗೆ ಸೀಸದ ಮುದ್ರೆ. ಕೆನಡಾದಲ್ಲಿ ಬರೀ ಹಡಗಿಗೆ ದಾಟುವ ಚೀಲ ಮುದ್ರೆ ಒಡೆಯದೆ ಸಾಗಬೇಕು. ಚೀಲದ ಸಂಖ್ಯೆ, ತೂಕ, ಮುದ್ರೆಯ ಗುರುತು ಬರೆದ ಚೀಟಿ ಮೂರು ಪ್ರತಿ: ಸಿಯಾಟಲ್ ಅಂಚೆ ಕಚೇರಿಗೆ, ಪೈಲಟ್‌ಗೆ, ಹಡಗಿನ ಅಧಿಕಾರಿಗೆ. ಪೈಲಟ್ ಪ್ರತಿಯಲ್ಲಿ ಹಡಗಿನವನ ಸಹಿ ಬೀಳದೆ ಸುತ್ತಿನ ಹಣ ಹುಟ್ಟುವುದಿಲ್ಲ ಎಂದು ನಿಯಮ ಮಾಡಿ.

ವಿಕ್ಟೋರಿಯಾದಲ್ಲಿ ಇಳಿಯುವುದು ಒಳಬಂದರಿನಲ್ಲಿ. ದೊಡ್ಡ ಹಡಗು ನಿಲ್ಲುವುದು ಹೊರಗಿನ ಧಕ್ಕೆಯಲ್ಲಿ, ಅಲ್ಲಿ ಜಲಸಂಧಿಯ ಅಲೆ ಹೊಕ್ಕುತ್ತದೆ. ಹಡಗಿನ ಪಕ್ಕಕ್ಕೇ ವಿಮಾನ ಒಯ್ಯುವ ಆಸೆ ಬೇಡ, ಉಕ್ಕಿನ ಗೋಡೆಗೆ ಮರದ ರೆಕ್ಕೆ ತಾಗಿದರೆ ವಾರದ ದುರಸ್ತಿ. ಬಾಡಿಗೆ ಲಾಂಚು ಗೊತ್ತು ಮಾಡಿ: ಒಳಬಂದರಿನಲ್ಲಿ ಚೀಲ ಎತ್ತಿಕೊಂಡು ಹೊರಧಕ್ಕೆಗೆ. ಇದಕ್ಕೆ 30 ನಿಮಿಷ, ಸಹಿಗೆ 15. ವಿಮಾನ ಸಿಯಾಟಲ್ ಬಿಡುವ ಕೊನೆಯ ಹೊತ್ತು ಹಡಗು ವಿಕ್ಟೋರಿಯಾ ಬಿಡುವ ಹೊತ್ತಿಗಿಂತ ಎರಡೂವರೆ ಗಂಟೆ ಮುಂಚೆ. ಅದು ಮೀರಿದರೆ ಹಾರಬೇಡಿ, ಚೀಲ ಮುಂದಿನ ಹಡಗಿಗೆ ಹೋಗಲಿ.

ಬರುವ ಹಡಗಿನ ಸುದ್ದಿ ವೈರ್‌ಲೆಸ್‌ನಲ್ಲಿ ಹಿಂದಿನ ದಿನವೇ ಎಸ್ಟೆವನ್ ಪಾಯಿಂಟ್, ಪಚೀನಾ ಪಾಯಿಂಟ್ ಠಾಣೆಗಳಿಗೆ ಬರುತ್ತದೆ. ವಿಕ್ಟೋರಿಯಾದ ಹಡಗು ಏಜೆಂಟ್ ಅದನ್ನು ಸಿಯಾಟಲ್‌ಗೆ ತಂತಿ ಮಾಡಬೇಕು. ಅವನಿಗೆ ತಿಂಗಳಿಗೆ ಸ್ವಲ್ಪ ಕೊಡಿ, ಬಿಟ್ಟಿ ಕೆಲಸ ನೆನಪಿರುವುದಿಲ್ಲ.

ಲೆಕ್ಕಿಗ

ಕಾನೂನು? ವಿಮಾನ ದೇಶ ದಾಟುತ್ತದೆ.

ಟಪಾಲುಚೀಲ

ಸ್ವಾರಸ್ಯ ಇದೆ. ಕೆನಡಾದಲ್ಲಿ 1919ರಿಂದಲೇ ಏರ್ ಬೋರ್ಡ್ ಎಂಬ ವಿಮಾನಯಾನ ಮಂಡಳಿ ಇತ್ತು, ವಿಮಾನಕ್ಕೂ ಪೈಲಟ್‌ಗೂ ಪರವಾನಗಿ ಬೇಕಿತ್ತು. ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ವಿಮಾನ ಕಾನೂನು ಬಂದದ್ದು 1926ರಲ್ಲಿ. ತೋರಿಸಲು ಪರವಾನಗಿಯೇ ಇಲ್ಲದ ದೇಶದಿಂದ ಪರವಾನಗಿ ಕೇಳುವ ದೇಶಕ್ಕೆ ಹಾರಬೇಕು. ಯೋಜನೆಯ ಮೊದಲ ತಿಂಗಳಲ್ಲೇ ಏರ್ ಬೋರ್ಡ್‌ಗೆ ಬರೆದು ಅನುಮತಿ ಕೈಯಲ್ಲಿಟ್ಟುಕೊಳ್ಳಿ.

ಮರದದೋಣಿ

ಯಾರೂ ಮರದ ದಿಮ್ಮಿಗಳ ಮಾತೆತ್ತಲಿಲ್ಲ. ಪ್ಯೂಜೆಟ್ ಸೌಂಡ್ ಎಂದರೆ ನಾಟಾ ವ್ಯಾಪಾರದ ಕಡಲು. ತೆಪ್ಪದಿಂದ ಕಳಚಿಕೊಂಡ ದಿಮ್ಮಿಗಳು ಎಲ್ಲೆಂದರಲ್ಲಿ. ತೇಲುವುದು ಕಾಣುತ್ತದೆ. ನೀರು ಕುಡಿದು ಒಂದು ತುದಿ ಮುಳುಗಿ, ಇನ್ನೊಂದು ತುದಿ ನೀರಿನ ಮಟ್ಟಕ್ಕೆ ಸರಿಯಾಗಿ ನಿಂತದ್ದು ಕಾಣುವುದಿಲ್ಲ. 80–90 ಕಿಮೀ ವೇಗದಲ್ಲಿ ಅದಕ್ಕೆ ತಾಗಿದರೆ ಒಡಲು ಸೀಳಿಹೋಗುತ್ತದೆ. ಏರುವ ಮುಂಚೆ ಓಟದ ದಾರಿಯುದ್ದಕ್ಕೂ ಒಂದು ಸಲ ನಿಧಾನ ಎದುರು ದಿಕ್ಕಿನಲ್ಲಿ ಹೋಗಿ ನೋಡಿ, ತಿರುಗಿ, ಅದೇ ಗೆರೆಯಲ್ಲಿ ಏರಿ. ಐದು ನಿಮಿಷದ ಕೆಲಸ. ದೊಡ್ಡ ಉಬ್ಬರದ ಮರುದಿನ ದಡದ ದಿಮ್ಮಿಗಳೆಲ್ಲ ನೀರಿಗಿಳಿದಿರುತ್ತವೆ, ಆ ದಿನ ಎರಡು ಸಲ ನೋಡಿ.

ದುರಸ್ತಿ ಪೆಟ್ಟಿಗೆಯಲ್ಲಿ ಇರಬೇಕಾದದ್ದು: ತೆಳು ತಾಮ್ರದ ತಗಡು, ಹಿತ್ತಾಳೆ ಸ್ಕ್ರೂ 50, ದಪ್ಪ ಕ್ಯಾನ್ವಾಸ್, ಸೀಸದ ಬಿಳಿ ಪೇಸ್ಟ್. ಕ್ಯಾನ್ವಾಸಿಗೆ ಪೇಸ್ಟ್ ಬಳಿದು ತೂತಿನ ಮೇಲಿಟ್ಟು ತಗಡು ಹೊಡೆದರೆ ಮನೆ ಮುಟ್ಟುವವರೆಗೆ ಹಿಡಿಯುತ್ತದೆ.

ಉಬ್ಬರಇಳಿತ

ಅಲೆಯಿಲ್ಲದ ನೀರಿನದೂ ಹೇಳಿಬಿಡುತ್ತೇನೆ. ಕನ್ನಡಿಯಂತಹ ನೀರಿನ ಮೇಲೆ ಎತ್ತರ ಕಣ್ಣಿಗೆ ತಿಳಿಯುವುದಿಲ್ಲ. ಹತ್ತು ಮೀಟರ್ ಮೇಲಿದ್ದೇನೆ ಎಂದುಕೊಂಡವನು ನೀರಿಗೇ ನುಗ್ಗುತ್ತಾನೆ, ನೀರು ಮುಟ್ಟಿತೆಂದುಕೊಂಡವನು ಐದು ಮೀಟರಿನಿಂದ ಬೀಳುತ್ತಾನೆ. ಉಪಾಯ: ದಡಕ್ಕೆ ಸಮಾಂತರವಾಗಿ, ಮರಗಳನ್ನು ಕಣ್ಣಂಚಿನಲ್ಲಿ ಇಟ್ಟುಕೊಂಡು, ಇಂಜಿನ್ ಸ್ವಲ್ಪ ಓಡಿಸುತ್ತಲೇ ನಿಧಾನ ಇಳಿದು ನೀರು ತಾನಾಗಿ ಬಂದು ತಾಗಲು ಬಿಡುವುದು. ಲಾಂಚು ಹತ್ತಿರದಲ್ಲಿ ಇದ್ದರೆ ಒಂದು ಸುತ್ತು ಓಡಿಸಿ ಅಲೆ ಎಬ್ಬಿಸಲು ಹೇಳಿ. ಏರುವಾಗಲೂ ಹಾಗೆಯೇ, ಶಾಂತ ನೀರು ಒಡಲಿನ ತಳಕ್ಕೆ ಅಂಟಿಕೊಂಡು ಬಿಡುವುದಿಲ್ಲ.

ನೀರಹಕ್ಕಿ

ಒಂದೇ ಒಂದು ಉಳಿದಿದೆ. ಡಿಸೆಂಬರ್. ಸಿಯಾಟಲ್‌ನಲ್ಲಿ ಸೂರ್ಯ ಏಳುವುದು ಹತ್ತಿರ ಎಂಟಕ್ಕೆ, ಮುಳುಗುವುದು ನಾಲ್ಕು ಇಪ್ಪತ್ತಕ್ಕೆ. ಹಡಗು ವಿಕ್ಟೋರಿಯಾ ಬಿಡುವುದು ಸಂಜೆ 6ಕ್ಕೆ ಎಂದರೆ ವಿಮಾನ 3ಕ್ಕೆ ಹೊರಟು 4ಕ್ಕೆ ಇಳಿಯುತ್ತದೆ. ವಾಪಸು?

ಉಬ್ಬರಇಳಿತ

ವಾಪಸಿಲ್ಲ. ದಿಮ್ಮಿ ತೇಲುವ ನೀರಿನಲ್ಲಿ ಕತ್ತಲೆಯಲ್ಲಿ ಇಳಿಯುವ ಮಾತೇ ಬೇಡ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ವಿಕ್ಟೋರಿಯಾದಲ್ಲಿ ರಾತ್ರಿ ತಂಗುವುದೇ ಪಟ್ಟಿಯಲ್ಲಿ ಇರಲಿ. ಒಳಬಂದರಿನಲ್ಲಿ ಲಂಗರು ಬುರುಡೆ ಒಂದು, ಕಾವಲುಗಾರ ಒಬ್ಬ, ಇಂಜಿನ್ ಮೇಲೆ ಹೊದಿಸುವ ಕ್ಯಾನ್ವಾಸ್, ರೇಡಿಯೇಟರ್ ಖಾಲಿ ಮಾಡಲು ಬಕೆಟ್, ಬೆಳಿಗ್ಗೆ ಬಿಸಿನೀರು ಸಿಗುವ ಮನೆ.

ಲೆಕ್ಕಿಗ

ಜೊತೆಗೆ ವಿಕ್ಟೋರಿಯಾದಲ್ಲಿ 100 ಲೀಟರ್ ಪೆಟ್ರೋಲ್ ಮುಚ್ಚಿದ ಡಬ್ಬಗಳಲ್ಲಿ. ಆ ರಾತ್ರಿ ಒಳಬರುವ ಹಡಗೇನಾದರೂ ಇದ್ದರೆ ಬೆಳಿಗ್ಗೆ ಅದರ ಟಪಾಲು ಎತ್ತಿಕೊಂಡೇ ಬರಬಹುದು, ಖಾಲಿ ವಾಪಸು ತಪ್ಪುತ್ತದೆ. ನವೆಂಬರ್ ಪಟ್ಟಿ ಬರೆಯುವಾಗ ಹೋಗುವ, ಬರುವ ಹಡಗುಗಳನ್ನು ಜೋಡಿ ಮಾಡಿ ನೋಡಿ. ಎಷ್ಟು ಜೋಡಿ ಸಿಗುತ್ತವೆ ಎನ್ನುವುದರ ಮೇಲೆ ಚಳಿಗಾಲದ ದರ ನಿಲ್ಲುತ್ತದೆ.

ಟಪಾಲುಚೀಲ

1923ರ ಏಪ್ರಿಲ್‌ನಲ್ಲಿ ಶುರುವಾದ ನ್ಯೂ ಆರ್ಲಿಯನ್ಸ್–ಪೈಲಟ್‌ಟೌನ್ ಮಾರ್ಗದ್ದೂ ಇದೇ ತರ್ಕ, ಅಲ್ಲಿ ಮಿಸಿಸಿಪ್ಪಿ ನದಿಯ ಬಾಯಲ್ಲಿ ದಕ್ಷಿಣ ಅಮೆರಿಕಕ್ಕೆ ಹೊರಟ ಹಡಗು ಹಿಡಿಯುವುದು. ಆದರೆ ಅಲ್ಲಿ ತೆರೆದ ಕಡಲು ದಾಟುವುದಿಲ್ಲ, ನದಿಯೇ ರಸ್ತೆ. ಅದಕ್ಕೆ ಬೇರೆ ಚರ್ಚೆ ತೆರೆಯಿರಿ ನೀರಹಕ್ಕಿ ಸರ್, ಇಲ್ಲಿ ಬೆರೆಸಿದರೆ ಇಂಜಿನ್ ಲೆಕ್ಕವೂ ಪೆಟ್ರೋಲ್ ಲೆಕ್ಕವೂ ಕಲಸುಮೇಲೋಗರ ಆಗುತ್ತದೆ.